ಫಿಂಚ್ ಹಕ್ಕಿಗಳ ಪಾಲನೆ ಮತ್ತು ರೋಗಗಳ ಹತೋಟಿ

ಪಂಜರದಲ್ಲಿ ಸಾಕುವ ಹಕ್ಕಿಗಳಲ್ಲಿ ಜೀಬ್ರಾ ಫಿಂಚ್ ಬಹಳ ಜನಪ್ರಿಯವಾದುದು. ಇದರ ಮೂಲ ನೆಲೆ ಆಸ್ಟ್ರೇಲಿಯಾ. ಸುಮಾರು 10 ಸೆಂ.ಮೀ. ಉದ್ದ ಮತ್ತು 12 ಗ್ರಾಂ ತೂಕದ ಈ ಹಕ್ಕಿ ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದೆ. ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆಯೂ ಎದೆಯ ಮೇಲೆ ಕಪ್ಪು ಪಟ್ಟಿಯೂ ಇರುತ್ತವೆ. ಹೆಣ್ಣು ಬೂದು ಬಣ್ಣದ್ದಾಗಿದ್ದು, ಅದರ ಕೊಕ್ಕಿನ ಕೆಂಪು ಗಂಡಿನದಕ್ಕಿಂತ ತಿಳಿಯಾಗಿರುತ್ತದೆ.

ನಮ್ಮ ಭತ್ತ, ರಾಗಿ ಹೊಲಗಳಿಗೆ ಬರುವ ರಾಟವಾಳ ಹಕ್ಕಿಗಳೂ ನೋಡಲು ಇವುಗಳಂತೆಯೇ ಇವೆ. ಆದರೆ ಅವುಗಳನ್ನು ಹಿಡಿಯುವುದು, ಮಾರುವುದು ಮತ್ತು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಸಾಕುವವರು ಪಂಜರದಲ್ಲಿಯೇ ಹುಟ್ಟಿ ಬೆಳೆದ ಜೀಬ್ರಾ ಫಿಂಚ್‌ಗಳನ್ನೇ ಕೊಳ್ಳಬೇಕು.

ಪಂಜರ

ಫಿಂಚ್ ಗಿಳಿಯಂತೆ ಹತ್ತುವ ಹಕ್ಕಿಯಲ್ಲ, ಅಡ್ಡಡ್ಡಲಾಗಿ ಹಾರುವ ಹಕ್ಕಿ. ಆದ್ದರಿಂದ ಪಂಜರ ಎತ್ತರಕ್ಕಿಂತ ಉದ್ದವಾಗಿರಬೇಕು. ಒಂದು ಜೋಡಿಗೆ ಕನಿಷ್ಠ 75 ಸೆಂ.ಮೀ. ಉದ್ದದ ಪಂಜರ ಅಗತ್ಯ. ಸರಳುಗಳ ನಡುವಿನ ಅಂತರ 1 ಸೆಂ.ಮೀ.ಗಿಂತ ಹೆಚ್ಚಿರಬಾರದು. ಕೂರಲು ಬೇವಿನ ಅಥವಾ ಸೀಬೆಯ ಕಡ್ಡಿಗಳನ್ನು, ದಪ್ಪದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುವಂತೆ ಆರಿಸಿ ಕಟ್ಟಬೇಕು. ಒಂದೇ ದಪ್ಪದ ನುಣುಪು ಕಡ್ಡಿಯ ಮೇಲೆ ಸದಾ ಕೂತರೆ ಪಾದಗಳಲ್ಲಿ ಹುಣ್ಣಾಗುತ್ತದೆ.

ಪಂಜರವನ್ನು ನೇರ ಗಾಳಿ ಬೀಸುವಲ್ಲಿ, ಅಡಿಗೆಮನೆಯಲ್ಲಿ ಅಥವಾ ಸೊಳ್ಳೆಬತ್ತಿ ಹಚ್ಚುವ ಕೋಣೆಯಲ್ಲಿ ಇಡಬಾರದು. ಅಂಟದ ಲೇಪವಿರುವ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಹೊಗೆ ಹಕ್ಕಿಗಳನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ಪಂಜರವನ್ನು ಕೋಳಿಗೂಡಿನ ಹತ್ತಿರವೂ ಇಡಬಾರದು. ರಾಣಿಖೇತ್ ರೋಗ ಕೋಳಿಗಳಿಗಷ್ಟೇ ಸೀಮಿತವಲ್ಲ. ಅದು ಹಲವು ಜಾತಿಯ ಹಕ್ಕಿಗಳಿಗೆ ತಗಲುತ್ತದೆ. ಕೋಳಿಗಳನ್ನು ನೋಡಿಕೊಂಡವರು ಕೈತೊಳೆದು ನಂತರ ಫಿಂಚ್‌ಗಳ ಕೆಲಸ ಮಾಡಬೇಕು.

ಆಹಾರ

ನವಣೆ, ಸಾಮೆ ಮತ್ತು ಬರಗು ಇವುಗಳ ಮಿಶ್ರಣ ಉತ್ತಮ ಆಹಾರ. ಸುಲಿಯದ ಕಾಳನ್ನೇ ಕೊಡಬೇಕು. ಫಿಂಚ್ ಕಾಳನ್ನು ಸುಲಿದು ತಿಂದು ಹೊಟ್ಟನ್ನು ಬಟ್ಟಲಲ್ಲೇ ಬಿಡುತ್ತದೆ. ಬಟ್ಟಲು ತುಂಬಿರುವಂತೆ ಕಂಡರೂ ಒಳಗೆ ಬರೀ ಹೊಟ್ಟೇ ಇರಬಹುದು. ಹೊಸದಾಗಿ ಸಾಕುವವರ ಮನೆಯಲ್ಲಿ ಹಕ್ಕಿ ಹಸಿವಿನಿಂದ ಸಾಯಲು ಇದೊಂದು ಕಾರಣ. ದಿನವೂ ಹೊಟ್ಟನ್ನು ಊದಿ ತೆಗೆದು ಹೊಸ ಕಾಳು ಹಾಕಬೇಕು.

ವಾರಕ್ಕೆರಡು ಬಾರಿ ಮೊಳಕೆ ಬಂದ ನವಣೆ, ಕೊತ್ತಂಬರಿ ಅಥವಾ ಮೆಂತ್ಯ ಸೊಪ್ಪು ಕೊಡಬಹುದು. ಸುಣ್ಣದ ಅಂಶಕ್ಕಾಗಿ ಹತ್ತು ನಿಮಿಷ ಕುದಿಸಿ ಒಣಗಿಸಿ ಪುಡಿಮಾಡಿದ ಮೊಟ್ಟೆಯ ಚಿಪ್ಪು ಅಥವಾ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆ ಸದಾ ಪಂಜರದಲ್ಲಿರಬೇಕು. ಬೆಣ್ಣೆಹಣ್ಣು, ಚಾಕೊಲೇಟ್, ಉಪ್ಪಿನ ತಿಂಡಿ ಕೂಡದು.

ರೈತರು ವಿಶೇಷವಾಗಿ ಎರಡು ಮಾತು ನೆನಪಿಡಬೇಕು. ಬಿತ್ತನೆಗಾಗಿ ಔಷಧಿ ಲೇಪಿಸಿದ ಬೀಜದಲ್ಲಿ ಉಳಿದದ್ದನ್ನು ಹಕ್ಕಿಗೆ ಹಾಕಬಾರದು. ಕೀಟನಾಶಕ ಸಿಂಪಡಿಸಿದ ತಾಕಿನ ಸೊಪ್ಪನ್ನೂ ಕೊಡಬಾರದು. ಹೊಲದಲ್ಲಿ ಅತಿ ಸ್ವಲ್ಪ ಎನಿಸುವ ವಿಷವೂ 12 ಗ್ರಾಂ ತೂಕದ ಜೀವಿಗೆ ಸಾಕಷ್ಟಾಗುತ್ತದೆ.

ರೋಗದ ಗುರುತುಗಳು

ಫಿಂಚ್ ತನ್ನ ರೋಗವನ್ನು ಮರೆಮಾಚುತ್ತದೆ. ಹೊರಗೆ ಕಾಣುವ ಹೊತ್ತಿಗೆ ರೋಗ ಬಹುದೂರ ಹೋಗಿರುತ್ತದೆ. ಇಷ್ಟು ಸಣ್ಣ ಹಕ್ಕಿ ಒಂದು ದಿನ ಮೇವು ಬಿಟ್ಟರೂ ಬದುಕುವುದು ಕಷ್ಟ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಐದು ನಿಮಿಷ ದೂರ ನಿಂತು ಗಮನಿಸಬೇಕು. ಗರಿ ಉಬ್ಬಿಸಿಕೊಂಡು ಹಗಲಿನಲ್ಲೇ ತೂಕಡಿಸುವುದು, ಪಂಜರದ ತಳದಲ್ಲಿ ಕೂರುವುದು, ಉಸಿರಿಗೆ ತಕ್ಕಂತೆ ಬಾಲ ಅಲ್ಲಾಡುವುದು, ಹಿಂಭಾಗದ ಗರಿಗೆ ಮಲ ಮೆತ್ತಿಕೊಂಡಿರುವುದು ಇವು ಎಚ್ಚರಿಕೆಯ ಗುರುತುಗಳು.

ಪ್ರಥಮ ಚಿಕಿತ್ಸೆ

ಕಾಯಿಲೆಯ ಹಕ್ಕಿಯನ್ನು ಕೂಡಲೇ ಬೇರ್ಪಡಿಸಿ ಸಣ್ಣ ಪೆಟ್ಟಿಗೆಯಲ್ಲಿಡಬೇಕು. ಒಂದು ಬದಿಗೆ ಹೊರಗಿನಿಂದ 40 ವ್ಯಾಟಿನ ತಂತಿಯ ಬಲ್ಬು ಹಚ್ಚಿ ಒಳಗಿನ ಶಾಖ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರುವಂತೆ ಮಾಡಬೇಕು. ಇನ್ನೊಂದು ಬದಿ ತಂಪಾಗಿದ್ದರೆ ಹಕ್ಕಿ ತನಗೆ ಬೇಕಾದಲ್ಲಿ ಕೂರುತ್ತದೆ. ಕಾಳು, ನೀರು ಕೈಗೆಟಕುವಂತೆ ತಳದಲ್ಲೇ ಇರಲಿ. ನಂತರ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಸಾಮಾನ್ಯ ತೊಂದರೆಗಳು

*ಕೆಂಪು ನುಸಿ:* ಹಗಲು ಪಂಜರದ ಸಂದುಗಳಲ್ಲಿ ಅಡಗಿದ್ದು, ರಾತ್ರಿ ಹಕ್ಕಿಯ ರಕ್ತ ಹೀರುತ್ತದೆ. ರಾತ್ರಿ ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ ಬೆಳಿಗ್ಗೆ ಅದರ ಮಡಿಕೆಗಳನ್ನು ನೋಡಿದರೆ ಕೆಂಪು ಚುಕ್ಕೆಗಳಂತೆ ಕಾಣುತ್ತವೆ. ಹಕ್ಕಿಗಳನ್ನು ಬೇರೆಡೆಗಿರಿಸಿ, ಪಂಜರವನ್ನು ಕುದಿಯುವ ನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಬೇಕು. ಹಳೆಯ ಗೂಡನ್ನು ಸುಡಬೇಕು.

*ಶ್ವಾಸಕೋಶದ ನುಸಿ:* ಹಕ್ಕಿ ಬಾಯಿ ತೆರೆದು ಉಸಿರಾಡುತ್ತದೆ, ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ, ಹಾಡು ನಿಲ್ಲುತ್ತದೆ. ಐವರ್ಮೆಕ್ಟಿನ್ ಔಷಧಿಯಿಂದ ಗುಣವಾಗುತ್ತದೆ. ಆದರೆ ದನಕರುಗಳಿಗೆಂದು ಮನೆಯಲ್ಲಿಟ್ಟ ಇದೇ ಔಷಧಿಯನ್ನು ಅಂದಾಜಿನ ಮೇಲೆ ಹಾಕಿದರೆ ಹಕ್ಕಿ ಸಾಯಬಹುದು. ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು.

*ಮೊಟ್ಟೆ ಸಿಕ್ಕಿಕೊಳ್ಳುವುದು:* ಹೆಣ್ಣು ಹಕ್ಕಿ ತಳದಲ್ಲಿ ಕೂತು ಮುಕ್ಕರಿಯುತ್ತದೆ, ಹೊಟ್ಟೆಯ ಕೆಳಭಾಗ ಊದಿರುತ್ತದೆ. ಇದು ತುರ್ತು ಸ್ಥಿತಿ. ಮೇಲೆ ಹೇಳಿದ ಶಾಖದ ಜೊತೆಗೆ ಹತ್ತಿರದಲ್ಲಿ ಬಿಸಿನೀರಿನ ಬಟ್ಟಲಿಟ್ಟು ತೇವ ಒದಗಿಸಬೇಕು. ಹೊಟ್ಟೆ ಒತ್ತಬಾರದು, ಮೊಟ್ಟೆ ಒಳಗೇ ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ಸುಣ್ಣದ ಕೊರತೆ ಮತ್ತು ಬಿಡುವಿಲ್ಲದ ಮರಿ ಮಾಡಿಸುವಿಕೆ ಇದಕ್ಕೆ ಮುಖ್ಯ ಕಾರಣಗಳು. ವರ್ಷಕ್ಕೆ ಎರಡು ಮೂರು ಸಲ ಮರಿಯಾದ ಮೇಲೆ ಗೂಡನ್ನು ತೆಗೆದು ವಿಶ್ರಾಂತಿ ಕೊಡಬೇಕು.

*ಭೇದಿ:* ಕೊಳೆ ನೀರು, ಬೂಸ್ಟು ಹಿಡಿದ ಕಾಳು ಅಥವಾ ಕರುಳಿನ ಪರೋಪಜೀವಿಗಳಿಂದ ಬರುತ್ತದೆ. ಮಲವನ್ನು ಪರೀಕ್ಷಿಸದೆ ಕೋಳಿಯ ಔಷಧಿ ಕೊಡುವುದು ಸರಿಯಲ್ಲ. ಕಾಗದದ ಮೇಲೆ ಬಿದ್ದ ಹೊಸ ಮಲವನ್ನು ಸಣ್ಣ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ಯಬೇಕು.

ಮುಂಜಾಗ್ರತೆ

1. ಹೊಸ ಹಕ್ಕಿಯನ್ನು 30 ದಿನ ಬೇರೆ ಕೋಣೆಯಲ್ಲಿಟ್ಟು ನಂತರ ಸೇರಿಸಬೇಕು.
2. ನೀರಿನ ಬಟ್ಟಲನ್ನು ದಿನವೂ, ತಳದ ತಟ್ಟೆಯನ್ನು ವಾರಕ್ಕೆರಡು ಬಾರಿ ತೊಳೆಯಬೇಕು.
3. ಸೊಳ್ಳೆಗಳಿಂದ ಸಿಡುಬು ಹರಡುವುದರಿಂದ ಸಂಜೆ ಪಂಜರಕ್ಕೆ ಸೊಳ್ಳೆಪರದೆ ಹಾಕಬೇಕು.
4. ಒಣಗಿದ ಮಲದ ಧೂಳು ಮನುಷ್ಯರಿಗೂ ಒಳ್ಳೆಯದಲ್ಲ. ನೀರು ಚಿಮುಕಿಸಿದ ನಂತರವೇ ಗುಡಿಸಬೇಕು.

ಚೆನ್ನಾಗಿ ನೋಡಿಕೊಂಡ ಜೀಬ್ರಾ ಫಿಂಚ್ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ. ಅದಕ್ಕೆ ಬೇಕಾದದ್ದು ದುಬಾರಿ ಔಷಧಿಗಳಲ್ಲ, ಶುಚಿತ್ವ, ತಾಜಾ ಕಾಳು ಮತ್ತು ಪ್ರತಿದಿನದ ಐದು ನಿಮಿಷದ ಗಮನ.