ಸೀಮಿತ ಆವೃತ್ತಿಯ ಪೆನ್ನು ಕೊಳ್ಳುವ ಮುನ್ನ

ನಿಗದಿತ ಸಂಖ್ಯೆಯಲ್ಲಷ್ಟೇ ತಯಾರಾಗಿ, ಒಂದೊಂದರ ಮೇಲೂ ಕ್ರಮಸಂಖ್ಯೆ ಹೊತ್ತು ಬರುವ ಸೀಮಿತ ಆವೃತ್ತಿಯ ಫೌಂಟನ್ ಪೆನ್ನು ಮಾರುಕಟ್ಟೆಗೆ ಬಂದಾಗ, ಸಂಗ್ರಾಹಕರಲ್ಲಿ ಕೆಲವರು ಅದರ ಕುಸುರಿಗೆ ಮಾರುಹೋದರೆ, ಉಳಿದವರು ಬೆಲೆ ಕಂಡು ಹುಬ್ಬೇರಿಸುತ್ತಾರೆ. ಜರ್ಮನಿಯ ಮಾಂಟ್‌ಬ್ಲಾಂಕ್ ಸಂಸ್ಥೆ 2009ರಲ್ಲಿ ಗಾಂಧೀಜಿಯವರ ಹೆಸರಿನಲ್ಲಿ ಹೊರತಂದ, ಹತ್ತು ಲಕ್ಷ ರೂಪಾಯಿಗೂ ಮಿಗಿಲಾದ ಬೆಲೆಯ ಪೆನ್ನು ಇದಕ್ಕೆ ತಕ್ಕ ನಿದರ್ಶನ. ದಂಡಿಯಾತ್ರೆಯ 241 ಮೈಲಿಗಳ ನೆನಪಿಗೆ 241 ಪೆನ್ನುಗಳನ್ನಷ್ಟೇ ಮಾಡಿ, ನೂಲು ಸುತ್ತಿದ ಕದಿರಿನಂತೆ ತೋರಲೆಂದು ಚಿನ್ನದ ತಂತಿ ಸುತ್ತಿ, ನಿಬ್ಬಿನ ಮೇಲೆ ಕೋಲು ಹಿಡಿದು ನಡೆಯುವ ಗಾಂಧೀಜಿಯವರನ್ನು ಕೆತ್ತಲಾಗಿತ್ತು. ಆದರೆ ಸರಳತೆಯ ಪ್ರತೀಕವನ್ನು ಭೋಗವಸ್ತುವಾಗಿಸಿದರೆಂಬ ಆಕ್ಷೇಪವೆದ್ದು, ವಿಷಯ ಕೇರಳ ಹೈಕೋರ್ಟಿನ ಮೆಟ್ಟಿಲೇರಿ, 2010ರಲ್ಲಿ ಭಾರತದಲ್ಲಿ ಅದರ ಮಾರಾಟ ಸ್ಥಗಿತಗೊಂಡಿತು.

ಇಂತಹ ವಿವಾದವೇನೇ ಇರಲಿ, ಕೊಳ್ಳುವವರು ವಿರಳತೆಗಷ್ಟೇ ಮರುಳಾಗದೆ, ನಿಬ್ಬು, ಅಂದರೆ ಶಾಯಿಯನ್ನು ಕಾಗದಕ್ಕಿಳಿಸುವ ಸೀಳುಳ್ಳ ಲೋಹದ ಮೂತಿ, ತಮ್ಮ ಕೈಗೆ ಒಗ್ಗುತ್ತದೆಯೇ ಎಂದು ಬರೆದು ನೋಡುವುದು ಲೇಸು. ನಿಬ್ಬು ಚಿನ್ನದ್ದೇ ಆದರೂ ಕಾಗದಕ್ಕೆ ತಾಗುವ ತುದಿ ಸುಲಭವಾಗಿ ಸವೆಯದ ಗಟ್ಟಿ ಮಿಶ್ರಲೋಹದ್ದಾಗಿರುವುದರಿಂದ, ಬರಹದ ನಯ ಆ ತುದಿಯನ್ನು ಉಜ್ಜಿದ ನಾಜೂಕಿನಲ್ಲಿದೆಯೇ ಹೊರತು ಚಿನ್ನದ ತೂಕದಲ್ಲಿಲ್ಲ. ಮುಂದೆ ಮಾರುವ ಆಲೋಚನೆಯುಳ್ಳವರು ಪೆಟ್ಟಿಗೆಯನ್ನೂ ಪ್ರಮಾಣಪತ್ರವನ್ನೂ ಜೋಪಾನವಾಗಿಡಬೇಕು. ಬರೆಯುವವರು ಒಳಗೆ ಶಾಯಿ ಒಣಗಲು ಬಿಡದೆ ಆಗಾಗ ತೊಳೆಯಬೇಕು.