ತಾನಾಗಿ ನಡೆಯುವ ಪ್ರಯೋಗಶಾಲೆಗಳು

ಹೊಸ ಬೀಜವನ್ನಾಗಲಿ ಹೊಸ ಗೊಬ್ಬರವನ್ನಾಗಲಿ ಹೊಲಕ್ಕೆಲ್ಲ ಹಿಡಿಯುವ ಮೊದಲು ಒಂದೆರಡು ಗುಂಟೆಯಲ್ಲಿ ಪರೀಕ್ಷಿಸಿ ನೋಡಬೇಕೆಂಬುದು ವಿವೇಕಿಗಳಾದ ಬೇಸಾಯಗಾರರಿಗೆ ತಿಳಿದ ಸಂಗತಿಯೇ ಆಗಿದೆ. ಆದರೆ ಬೀಜ, ಗೊಬ್ಬರ, ನೀರು, ಬಿತ್ತುವ ಕಾಲ, ಸಾಲಿನ ಅಂತರ ಎಂಬ ಈ ಐದನ್ನೂ ಮೂರು ಮೂರು ಬಗೆಯಾಗಿ ಬದಲಾಯಿಸಿ, ಎಲ್ಲಾ ಜೋಡಣೆಗಳನ್ನೂ ನೋಡಬೇಕಾದರೆ 243 ತಾಕುಗಳು ಬೇಕಾಗುವುವು. ಇಷ್ಟನ್ನು ಯಾವ ಹಿಡುವಳಿದಾರನು ತಾನೆ ಮಾಡಬಲ್ಲನು? 1919ರಲ್ಲಿ ಇಂಗ್ಲೆಂಡಿನ ರಾಥಂಸ್ಟೆಡ್ ವ್ಯವಸಾಯ ಪ್ರಯೋಗ ಕ್ಷೇತ್ರವನ್ನು ಸೇರಿದ ರೊನಾಲ್ಡ್ ಫಿಷರ್ ಎಂಬ ವಿದ್ವಾಂಸರು, ಹಲವು ಅಂಶಗಳನ್ನು ಒಟ್ಟಿಗೆ ಬದಲಾಯಿಸಿ, ತಾಕುಗಳನ್ನು ಚೀಟಿಯೆತ್ತಿದಂತೆ ಹಂಚಿ, ಸ್ವಲ್ಪ ಪ್ರಯೋಗಗಳಿಂದಲೇ ಹೆಚ್ಚು ತಿಳಿಯುವ ಕ್ರಮವನ್ನು ಬೆಳೆಯಿಸಿ, 1935ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ವಿದ್ಯುತ್ ಕೋಶಗಳಿಗೂ ಸೌರ ಫಲಕಗಳಿಗೂ ಬೇಕಾದ ಹೊಸ ವಸ್ತುಗಳನ್ನು ಹುಡುಕುವ ವಿಜ್ಞಾನಿಗಳಿಗೂ ಇದೇ ತೊಡಕುಂಟು. ಅವರು ಬೆರೆಯಿಸಿ ನೋಡಬಹುದಾದ ಮಿಶ್ರಣಗಳು ಲಕ್ಷಗಟ್ಟಲೆ, ಕೋಟಿಗಟ್ಟಲೆ ಇರುವುವು. ಆದುದರಿಂದ ಈಚಿನ ವರ್ಷಗಳಲ್ಲಿ ಕೈಕೆಲಸವನ್ನು ರೋಬಾಟ್ ಎಂಬ ಯಂತ್ರಕ್ಕೂ, ಮುಂದಿನ ಪ್ರಯೋಗವನ್ನು ಆರಿಸುವ ಕೆಲಸವನ್ನು ಗಣಕಯಂತ್ರಕ್ಕೂ ಒಪ್ಪಿಸಿದ್ದಾರೆ.

1. ಯಂತ್ರವು ಆರಿಸುವ ರೀತಿ

ಮೊದಲು ಕೆಲವು ಪ್ರಯೋಗಗಳನ್ನು ಮಾಡಿ ಅವುಗಳ ಫಲವನ್ನು ಗಣಕಯಂತ್ರಕ್ಕೆ ಒದಗಿಸತಕ್ಕದ್ದು. ಅದು ಇವುಗಳ ಆಧಾರದಿಂದ, ಇನ್ನೂ ಮಾಡದಿರುವ ಒಂದೊಂದು ಪ್ರಯೋಗದ ಫಲವೂ ಎಷ್ಟಿರಬಹುದೆಂದು ಊಹಿಸುವುದು. ಆ ಊಹೆಯು ಎಷ್ಟು ನಂಬತಕ್ಕದ್ದೆಂಬುದನ್ನೂ ಲೆಕ್ಕ ಹಾಕುವುದು. ಬಳಿಕ ಒಳ್ಳೆಯ ಫಲ ಬರುವಂತೆ ತೋರುವ ಕಡೆಯಲ್ಲಿ ಕೆಲವನ್ನೂ, ಏನೂ ತಿಳಿಯದಿರುವ ಕಡೆಯಲ್ಲಿ ಕೆಲವನ್ನೂ ಆರಿಸುವುದು. ಬಾವಿ ತೋಡುವವನು ನೀರು ಕಂಡ ಜಾಗದ ಸುತ್ತಲೂ ನೋಡಿ, ಯಾರೂ ತೋಡದ ಮೂಲೆಯಲ್ಲಿಯೂ ಒಮ್ಮೆ ಪರೀಕ್ಷಿಸುವಂತೆ ಇದು ಇರುವುದು. ಪ್ರತಿಯೊಂದು ಫಲವು ಬಂದಂತೆಲ್ಲ ಊಹೆಯು ತಿದ್ದಿಕೊಳ್ಳುವುದು. ಇದಕ್ಕೆ ಯಂತ್ರಕಲಿಕೆಯೆಂದು ಹೆಸರು.

2. ಲಿವರ್‌ಪೂಲಿನ ಪ್ರಯೋಗ

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ಆಂಡ್ರೂ ಕೂಪರ್ ಅವರ ತಂಡವು, ಬೆಳಕಿನ ಸಹಾಯದಿಂದ ನೀರಿನಿಂದ ಜಲಜನಕವನ್ನು ಬಿಡಿಸುವ ಮಿಶ್ರಣವನ್ನು ಉತ್ತಮಪಡಿಸಲು ಚಲಿಸುವ ರೋಬಾಟೊಂದನ್ನು ಉಪಯೋಗಿಸಿ, ಅದರ ವರದಿಯನ್ನು 2020ರಲ್ಲಿ ಪ್ರಕಟಿಸಿತು. ಬದಲಾಯಿಸಬಹುದಾದ ಅಂಶಗಳು ಹತ್ತು. ಸಾಧ್ಯವಾದ ಪ್ರಯೋಗಗಳು 9 ಕೋಟಿ 80 ಲಕ್ಷಕ್ಕೂ ಮೇಲ್ಪಟ್ಟು. ಯಂತ್ರವು 8 ದಿನಗಳಲ್ಲಿ 688 ಪ್ರಯೋಗಗಳನ್ನು ಮಾಡಿತು. ಈ ಅವಧಿಯ 192 ಗಂಟೆಗಳಲ್ಲಿ 172 ಗಂಟೆ ದುಡಿದು, ಪ್ರಯೋಗಶಾಲೆಯೊಳಗೇ 2.17 ಕಿಲೋಮೀಟರು ಸಂಚರಿಸಿತು. ಕೊನೆಗೆ ದೊರೆತ ಮಿಶ್ರಣವು ಮೊದಲಿನವುಗಳಿಗಿಂತ ಆರು ಪಟ್ಟು ಹೆಚ್ಚು ಚುರುಕಾಗಿತ್ತು. ಆದರೆ ಏನನ್ನು ಹುಡುಕಬೇಕು, ಯಾವ ಹತ್ತು ಅಂಶಗಳನ್ನು ಬದಲಾಯಿಸಬೇಕು ಎಂಬುದನ್ನು ಗೊತ್ತುಮಾಡಿದವರು ಮನುಷ್ಯರೇ ಎಂಬುದನ್ನು ಗಮನಿಸತಕ್ಕದ್ದು.

3. ಬರ್ಕ್ಲಿಯ ಪ್ರಯೋಗವೂ ಅದರ ಮೇಲಿನ ಆಕ್ಷೇಪಣೆಯೂ

ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಶಾಲೆಯ ‘ಎ-ಲ್ಯಾಬ್’ ಎಂಬ ಶಾಲೆಯಲ್ಲಿ ಯಂತ್ರಗಳೇ ಪುಡಿಗಳನ್ನು ಬೆರೆಯಿಸಿ, ಮೂಸೆಯಲ್ಲಿಟ್ಟು, ಕುಲುಮೆಯಲ್ಲಿ ಕಾಯಿಸಿ, ಕ್ಷ-ಕಿರಣಗಳಿಂದ ಪರೀಕ್ಷಿಸುವುವು. ಎಣಿಸಿದಂತೆ ವಸ್ತುವು ಆಗದಿದ್ದರೆ ಬೇರೆ ಪಾಕವನ್ನು ಯಂತ್ರವೇ ಸೂಚಿಸುವುದು. ಗುರಿಯಿಟ್ಟ 58 ವಸ್ತುಗಳಲ್ಲಿ 41 ಹೊಸ ವಸ್ತುಗಳು 17 ದಿನಗಳಲ್ಲಿ ಸಿದ್ಧವಾದುವೆಂದು 2023ರಲ್ಲಿ ಪ್ರಕಟವಾದಾಗ ಲೋಕವು ಬೆರಗಾಯಿತು.

ಆದರೆ ಲಂಡನ್ನಿನ ರಾಬರ್ಟ್ ಪಾಲ್‌ಗ್ರೇವ್, ಪ್ರಿನ್ಸ್‌ಟನ್ನಿನ ಲೆಸ್ಲಿ ಶೂಪ್ ಮೊದಲಾದವರು ಅದೇ ಫಲಗಳನ್ನು ಪುನಃ ಪರಿಶೀಲಿಸಿ, ಅಲ್ಲಿ ಹೊಸ ವಸ್ತುವು ಯಾವುದೂ ದೊರೆತಿಲ್ಲವೆಂದು 2024ರಲ್ಲಿ ಬರೆದರು. ಹಲವು ಕಡೆ ಪರಮಾಣುಗಳು ಕ್ರಮವಿಲ್ಲದೆ ಬೆರೆತ, ಮೊದಲೇ ತಿಳಿದಿದ್ದ ವಸ್ತುಗಳನ್ನು, ಕ್ರಮವಾಗಿ ಜೋಡಿಸಿದ ಹೊಸ ವಸ್ತುಗಳೆಂದು ಯಂತ್ರವು ಓದಿಕೊಂಡಿತೆಂಬುದು ಅವರ ಮುಖ್ಯ ಆಕ್ಷೇಪಣೆ. ರಾಗಿಯನ್ನೂ ಅವರೆಯನ್ನೂ ಕಲಸಿ ಎರಚಿದ ಹೊಲವನ್ನು ಅಕ್ಕಡಿ ಸಾಲು ಹಾಕಿದ ಹೊಲವೆಂದು ಬರೆದುಕೊಂಡಂತೆ ಇದಾಯಿತು. ನುರಿತ ಮನುಷ್ಯನು ಈ ವಿಶ್ಲೇಷಣೆಯನ್ನು ಯಂತ್ರಕ್ಕಿಂತ ಚೆನ್ನಾಗಿ ಮಾಡಬಲ್ಲನೆಂದು ಬರ್ಕ್ಲಿಯವರೂ ಒಪ್ಪಿದರು. ಆದರೂ ಯಂತ್ರಗಳು ತಾವಾಗಿ ವಸ್ತುಗಳನ್ನು ತಯಾರಿಸಬಲ್ಲುವೆಂದು ತೋರಿಸುವುದೇ ತಮ್ಮ ಉದ್ದೇಶವೆಂದು ಸಮಾಧಾನ ಹೇಳಿದರು.

4. ನಾವು ತಿಳಿಯತಕ್ಕದ್ದು

ದುಡಿಮೆಯಲ್ಲಿ ಯಂತ್ರವು ಮನುಷ್ಯನನ್ನು ಮೀರಿಸುವುದು. ಫಲವನ್ನು ಸರಿಯಾಗಿ ಓದುವುದರಲ್ಲಿ ಇನ್ನೂ ಮೀರಿಸಿಲ್ಲ. ತಪ್ಪಾಗಿ ಓದಿದರೆ, ಯಂತ್ರದ ವೇಗದಿಂದ ತಪ್ಪುಗಳೇ ಬೇಗ ಬೇಗ ಹೆಚ್ಚುವುವು. ಗಣಕಯಂತ್ರದ ಬುದ್ಧಿಯಿಂದ ಕಂಡುಹಿಡಿದದ್ದೆಂದು ಹೇಳಿ ಯಾರಾದರೂ ಗೊಬ್ಬರವನ್ನಾಗಲಿ ಔಷಧಿಯನ್ನಾಗಲಿ ತಂದರೆ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಪರೀಕ್ಷೆಯನ್ನು ಮಾಡಿದವರಲ್ಲದೆ ಬೇರೆಯವರೂ ಅದನ್ನು ನೋಡಿರುವರೇ? ಯಾವುದರೊಡನೆ ಹೋಲಿಸಿ ಮೇಲೆಂದು ಹೇಳುವರು? ನಮ್ಮ ಮಣ್ಣಿನಲ್ಲಿ ಪರೀಕ್ಷೆ ನಡೆದಿರುವುದೇ?

ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೂ, ಹೊಸದನ್ನು ಹಾಕಿದ ತಾಕಿನ ಪಕ್ಕದಲ್ಲಿ ಹಾಕದ ತಾಕೊಂದನ್ನು ಬಿಟ್ಟು, ಎರಡರ ಇಳುವರಿಯನ್ನೂ ತೂಕ ಮಾಡಿ ಬರೆದಿಡತಕ್ಕದ್ದು. ಒಬ್ಬ ರೈತನು ಮೋಸಹೋದರೆ ಒಂದು ಹೊಲದ ಬೆಳೆ ಹೋಗುವುದು. ಗ್ರಾಮದ ಮುಖಂಡರು ಮೋಸಹೋದರೆ ಅವರ ಮಾತನ್ನು ನಂಬಿದ ಊರಿನ ಬೆಳೆಯೇ ಹೋಗುವುದು. ಆದುದರಿಂದ ಮುಖಂಡರು ತಾವು ಕಣ್ಣಾರೆ ನೋಡಿ ತೂಗಿದ ಮೇಲೆಯೇ ಇತರರಿಗೆ ಹೇಳುವುದು ಯುಕ್ತವು.