ಬಿ.ಪಿ. ಮಾತ್ರೆ ಬಿಟ್ಟ ತಮ್ಮನ ಮಗನಿಗೆ



ಪಾದ ಊದಿತೆಂದು ನೀನು ಬಿಟ್ಟ ಅಮ್ಲೋಡಿಪಿನ್ ರಕ್ತನಾಳಗಳನ್ನು ಸಡಿಲಿಸುವ ಔಷಧ. ನಾಳದ ಗೋಡೆಯ ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ಹೋಗದಂತೆ ಅದು ತಡೆಯುತ್ತದೆ. ಸ್ನಾಯು ಬಿಗಿಯುವುದು ಕಡಿಮೆಯಾಗಿ ರಕ್ತದೊತ್ತಡ ಇಳಿಯುತ್ತದೆ. ಪಾದ ಊದುವುದಕ್ಕೂ ಮೂಲ ಇದೇ. ಸಣ್ಣ ಅಪಧಮನಿಗಳು ಹಿಗ್ಗಿದಷ್ಟು ಅಭಿಧಮನಿಗಳು ಹಿಗ್ಗುವುದಿಲ್ಲ. ಹಾಗಾಗಿ ನೀರಿನಂಶ ಜಿನುಗಿ ಕಣಕಾಲಿನ ಸುತ್ತ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. 5 ಮಿ.ಗ್ರಾಂ.ಗಿಂತ 10 ಮಿ.ಗ್ರಾಂ. ಮಾತ್ರೆಯಲ್ಲಿ ಇದು ಜಾಸ್ತಿ. ತಲೆನೋವು, ಮುಖ ಬಿಸಿಯಾಗುವುದು ಮೊದಮೊದಲು ಇದ್ದು ಸಾಮಾನ್ಯವಾಗಿ ತಗ್ಗುತ್ತವೆ. ಅಪರೂಪಕ್ಕೆ ಒಸಡು ದಪ್ಪಗಾಗುತ್ತದೆ.

ಹಿಂದಿನವರು ಪಟ್ಟ ಪಾಡು ಬೇರೆ. ಸರ್ಪಗಂಧಿ ಬೇರಿನಿಂದ ಒತ್ತಡ ಇಳಿಯುತ್ತದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. 1952ರಲ್ಲಿ ಅದೇ ಬೇರಿನಿಂದ ರಿಸರ್ಪಿನ್ ಎಂಬ ಔಷಧ ಬೇರ್ಪಟ್ಟಿತು. ಅದನ್ನು ತೆಗೆದುಕೊಂಡವರಿಗೆ ಮೂಗು ಕಟ್ಟುತ್ತಿತ್ತು, ಹಗಲಿಡೀ ಮಂಪರು, ಕೆಲವರಿಗೆ ಖಿನ್ನತೆ. ನಮ್ಮ ಮನೆಯ ದೊಡ್ಡಜ್ಜ ಜಗಲಿಯ ಕಂಬಕ್ಕೆ ಒರಗಿ, ಬಾಯಲ್ಲಿ ಉಸಿರಾಡುತ್ತ ತೂಕಡಿಸುತ್ತಿದ್ದದ್ದು ಆ ಮಾತ್ರೆಯ ಕಾಲದಲ್ಲಿ. ಆದರೂ ಅವರು ಒಂದು ಹೊತ್ತೂ ತಪ್ಪಿಸಿದವರಲ್ಲ. ಅವರ ಅಣ್ಣನಿಗೆ ಔಷಧವಿಲ್ಲದೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಎಡಗೈಯಲ್ಲಿ ಅನ್ನ ಕಲಸಲು ನಾಚಿ, ಪಂಕ್ತಿಯ ಊಟವನ್ನೇ ಬಿಟ್ಟರು. ಅಂಥ ಮನೆಯ ಹುಡುಗ, ನಾಲ್ಕಕ್ಷರ ಕಲಿತವನು, ಪಾದ ಊದಿತೆಂದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವುದು ಉದ್ಧಟತನ.

ಅಮ್ಲೋಡಿಪಿನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯುವ ಸಮಯ, 30ರಿಂದ 50 ಗಂಟೆ. ಬಿಟ್ಟ ಮರುದಿನವೇ ಒತ್ತಡ ಏರುವುದಿಲ್ಲ; ನಿಧಾನಕ್ಕೆ ಏರುತ್ತದೆ, ಅಷ್ಟರಲ್ಲಿ ಊತ ಇಳಿದು ಕಾಲು ಹಗುರಾಗುತ್ತದೆ. ಬಿಟ್ಟದ್ದೇ ಒಳ್ಳೆಯದಾಯಿತೆಂಬ ಭ್ರಮೆ ಹುಟ್ಟುವುದು ಹೀಗೆ. ಊತ ಕಣ್ಣಿಗೆ ಕಾಣುತ್ತದೆ, ಏರಿದ ಒತ್ತಡ ಕಾಣುವುದಿಲ್ಲ.

ಊತಕ್ಕೆ ಹೆದರುವುದು ಸಹಜ, ದಾರಿಯೂ ಇದೆ. ಡಾಕ್ಟರು ಪ್ರಮಾಣ ಇಳಿಸಬಹುದು, ಮಾತ್ರೆಯನ್ನೇ ಬದಲಿಸಬಹುದು ಅಥವಾ ಟೆಲ್ಮಿಸಾರ್ಟಾನ್‌ನಂಥ ಇನ್ನೊಂದು ಬಿ.ಪಿ. ಮಾತ್ರೆಯನ್ನು ಜೊತೆಗೂಡಿಸಬಹುದು. ಜೊತೆಗೂಡಿಸಿದರೆ ಊತವೂ ಇಳಿಯುವುದುಂಟು. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಈ ಬಗೆಯ ಊತಕ್ಕೆ ಹೆಚ್ಚೇನೂ ಪ್ರಯೋಜನವಿಲ್ಲ. ಟೆಲ್ಮಿಸಾರ್ಟಾನ್ ಗರ್ಭಿಣಿಯರಿಗೆ ಸಲ್ಲದು.

ಮೆಡಿಕಲ್ ಶಾಪ್‌ನಲ್ಲಿ ಎಸ್-ಅಮ್ಲೋಡಿಪಿನ್ ಎಂಬುದೂ ಸಿಗುತ್ತದೆ. ಅದರ 2.5 ಮಿ.ಗ್ರಾಂ. ಸಾಮಾನ್ಯ ಅಮ್ಲೋಡಿಪಿನ್‌ನ 5 ಮಿ.ಗ್ರಾಂ.ಗೆ ಸಮ; ಹೆಸರು ಓದದೆ ಅದಲುಬದಲು ಮಾಡಿದರೆ ಲೆಕ್ಕ ತಪ್ಪುತ್ತದೆ. ಮೈಕೈ ನೋವಿಗೆಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಒತ್ತಡ ಏರಿಸುತ್ತವೆ. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್ ಜೊತೆಯಲ್ಲಿದ್ದರೆ ದಿನಕ್ಕೆ 20 ಮಿ.ಗ್ರಾಂ. ಮೀರಬಾರದು. ಲಿವರ್ ಕಾಯಿಲೆ ಇರುವವರು ಡಾಕ್ಟರಿಗೆ ಮೊದಲೇ ಹೇಳಿಕೊಳ್ಳಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗುವಂತಿಲ್ಲ.

ಒಂದೇ ಕಾಲು ಊದಿ ನೋಯುವುದು, ಏದುಸಿರು, ಎದೆನೋವು, ತುಟಿ ಮುಖ ಊದುವುದು ಬೇರೆ ಮಾತು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬರೀ ಕಣಕಾಲಿನ ಊತವಾದರೆ ಮಾತ್ರೆಯ ಚೀಟಿ ಹಿಡಿದು ಈ ವಾರವೇ ಡಾಕ್ಟರನ್ನು ಕಂಡು, ಮಾತ್ರೆ ಬಿಟ್ಟ ವಿಷಯವನ್ನೂ ಮುಚ್ಚಿಡದೆ ಹೇಳಬೇಕು ಮಗು.